ಕಡೆಗಂಟು

ಪೊಂಗಲಿಗೆ ಇನ್ನು ಎಂಟು ದಿನ ಇತ್ತು. ಶುಕ್ರವಾರ. ಪೆರಿಯನಾಯಕಿ ಎದ್ದು ಬಾಗಿಲಿಗೆ ನೀರು ಹಾಕಿದಳು. ಹುರುಳಿ ಬೇಯಿಸಿ ಕಡೆದಳು. ಇಬ್ಬರಿಗೂ ಬುತ್ತಿ ಕಟ್ಟಿದಳು. ಗಂಡ ಮಯಿಲ್‌ಸಾಮಿ ಸೈಕಲ್ ಚೈನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಕೈ ಒರೆಸಿಕೊಂಡು, ಹತ್ತು ಅಂದರು. ಅವಳು ಹಿಂದೆ ಕ್ಯಾರಿಯರ್ ಮೇಲೆ ಕೂತಳು.

"ಏ ಪುಳ್ಳೆ, ಸೀರೆ ಸೆರಗು ಚಕ್ರಕ್ಕೆ ಸಿಕ್ಕಿಸಬೇಡ."

"ನೀವು ಮುಂದೆ ನೋಡಿ ತುಳೀರಿ ಮಾವ. ಹಿಂದಿಂದು ನಾನು ನೋಡ್ಕೋತೀನಿ."

ಮಯಿಲ್‌ಸಾಮಿ ಅವಳ ಸೋದರಮಾವನ ಮಗ. ಮದುವೆಗೆ ಮುಂಚೆ ಮಾವ, ಆಮೇಲೂ ಮಾವ. ಮೂವತ್ತು ವರ್ಷ ಹಾಗೇ ಕರೆದಳು. ಅವರು ಅವಳನ್ನು ಪುಳ್ಳೆ, ಅಂದರೆ ಹುಡುಗಿ, ಅನ್ನುವುದು ಬಿಡಲಿಲ್ಲ. ಅವಳಿಗೆ ನಲವತ್ತಾರು ಆಗಿತ್ತು, ಮಗಳು ಅಮ್ಮಣಿಯನ್ನು ಪಲ್ಲಡಂಗೆ ಕೊಟ್ಟು ಮೊಮ್ಮಗು ಬಂದಿತ್ತು, ಆದರೂ ಪುಳ್ಳೆಯೇ.

ಇಬ್ಬರೂ ತಿರುಪ್ಪೂರಿನ ಒಂದೇ ಬನಿಯನ್ ಕಂಪನಿಯಲ್ಲಿ ಇದ್ದರು. ಯಜಮಾನರನ್ನು ಅಲ್ಲಿ ಎಲ್ಲರೂ ಮೊದಲಾಳಿ ಅನ್ನುವರು. ಅವಳು ಪ್ಯಾಕಿಂಗ್ ಶೆಡ್ಡಿನಲ್ಲಿ ಬನಿಯನ್ ಮಡಿಸಿ ಪೆಟ್ಟಿಗೆಗೆ ತುಂಬುವವಳು. ದಿನಾ ಬೆಳಿಗ್ಗೆ ಅವರ ಮೊದಲ ಕೆಲಸ ಕಂಪ್ಯೂಟರಿನ ತಂತಿ ನೋಡುವುದು. ಆವತ್ತೂ ಬಂದ ತಕ್ಷಣ ಚಪ್ಪಲಿ ಬಿಟ್ಟು, ಆಫೀಸಿನಿಂದ ಶುರುಮಾಡಿ, ಗೋಡೆಯ ಮೇಲೆ ಹೋಗುವ ಕರಿ ತಂತಿಯ ಮೇಲೆ ಕೈಯಾಡಿಸಿಕೊಂಡು ಕಟಿಂಗ್ ಶೆಡ್ ದಾಟಿ, ಪ್ಯಾಕಿಂಗ್ ಶೆಡ್ಡಿನ ಕೊನೆಗೆ ಬಂದರು. ಅಲ್ಲಿ ಬನಿಯನ್ ಮಡಿಸುತ್ತಾ ಕೂತಿದ್ದ ಕನ್ನಿಯಮ್ಮಾಳ್ ತಲೆ ಎತ್ತಿದಳು.

"ಏನಣ್ಣಾ, ಇವತ್ತು ಹಾಕ್ತೀರಾ, ಕೀಳ್ತೀರಾ?"

ಹೆಂಗಸರು ನಕ್ಕರು. ಮಯಿಲ್‌ಸಾಮಿಯೂ ನಕ್ಕರು. "ಹಾಕೋಕೇ ಬಂದಿದೀನಿ ತಾಯಿ," ಅಂದು ಹೊರಟುಹೋದರು.

ಪೆರಿಯನಾಯಕಿ ನಗಲಿಲ್ಲ. ಮೂರು ತಿಂಗಳಿಂದ ದಿನಾ ಇದೇ ಮಾತು. ತನ್ನ ಕೆಲಸ ಉಳಿಸಿಕೊಳ್ಳಲು ತಂತಿಯ ಕೊನೆ ಕಿತ್ತವನು ಅಂತ ಅವರ ಮೇಲೆ ಹೆಸರು ಬಿದ್ದಿತ್ತು. ಕಿತ್ತದ್ದು ಅವರಲ್ಲ. ಅವಳು.

ಸಂಜೆ ಸೈಕಲ್ಲಿನಲ್ಲಿ ಅವರ ಬೆನ್ನಿಗೆ ಹೇಳಿದಳು. "ನಾಳೆ ಮೊದಲಾಳಿ ಹತ್ರ ಹೋಗ್ತೀನಿ. ನಾನೇ ಅಂತ ಹೇಳಿಬಿಡ್ತೀನಿ."

"ಪೊಂಗಲ್ ಆಗ್ಲಿ."

"ದೀಪಾವಳಿ ಆಗ್ಲಿ ಅಂದ್ರಿ. ಆಯ್ತು. ಈಗ ಪೊಂಗಲಾ?"

"ಹಬ್ಬದ ಹೊತ್ತಲ್ಲಿ ಯಾಕೆ ಪುಳ್ಳೆ. ಹೊಸ ಮಡಕೆ ತಗೊಂಡ್ಯಾ?"

ಅಷ್ಟೇ. ಅವಳು ಮಡಕೆಯ ಮಾತಿಗೆ ಹೋದಳು. ಹೋಗಬಾರದಿತ್ತು.

ಕಿತ್ತ ಸಂಗತಿ ಹೇಳಬೇಕಾದರೆ ತಂತಿ ಬಂದದ್ದು ಹೇಳಬೇಕು. ಅದಕ್ಕೂ ಮೊದಲು ಆ ಮನುಷ್ಯ ಯಾರು ಅಂತ ಹೇಳಬೇಕು.

ಮಯಿಲ್‌ಸಾಮಿ ಸೋಮನೂರಿನವರು. ನೇಯುವ ಮನೆ. ಎಷ್ಟೋ ತಲೆಮಾರಿನ ಹಿಂದೆ ಬಂದ ಕನ್ನಡದ ದೇವಾಂಗರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಆ ಬೀದಿಯಲ್ಲಿ ಯಾರಿಗೂ ಬಾರದು. ಹತ್ತು ವರ್ಷಕ್ಕೆ ಅಪ್ಪ ಅವರನ್ನು ಗುಂಡಿ ಮಗ್ಗಕ್ಕೆ ಇಳಿಸಿದರು. ಶಾಲೆ ಅಲ್ಲಿಗೆ ನಿಂತಿತು. ತಮಿಳು ಅಕ್ಷರ ಕೂಡಿಸಿ ಕೂಡಿಸಿ ಓದುವರು. ಪೆರಿಯನಾಯಕಿಗೆ ಅದೂ ಇಲ್ಲ, ಎರಡನೇ ಕ್ಲಾಸಿಗೆ ಬಿಟ್ಟವಳು, ಹೆಸರು ಬರೆಯುತ್ತಾಳೆ.

ಅವರ ಬೆರಳು ಬೇರೆ ತರಹ. ಮಗ್ಗದಲ್ಲಿ ಸಾವಿರಾರು ಎಳೆ. ಒಂದು ಹರಿದರೆ ಬೇರೆಯವರು ದೀಪ ತಂದು, ಬಗ್ಗಿ, ಕಣ್ಣು ಕಿರಿದು ಮಾಡಿ ಹುಡುಕುವರು. ಇವರು ಕಣ್ಣು ಮುಚ್ಚಿ ಅಂಗೈ ಸವರುವರು. ಇಲ್ಲಿ, ಅನ್ನುವರು. ಅಲ್ಲೇ ಇರುತ್ತಿತ್ತು. ಹಾಸು ಮುಗಿಯುವಾಗ ಹಳೆ ಎಳೆಗಳ ತುದಿಗೆ ಗಂಟು ಹಾಕಿ ಬಿಡಬೇಕು, ಇಲ್ಲದಿದ್ದರೆ ಒಂದೊಂದೇ ಹಿಂದಕ್ಕೆ ಸರಿದು ಎಲ್ಲ ಸಿಕ್ಕಾಗುತ್ತದೆ. ಆ ಗಂಟಿಗೆ ಅವರ ಮನೆಯಲ್ಲಿ ಕಡೆಗಂಟು ಅನ್ನುವರು. ಹೆಂಡತಿ ಉಣ್ಣಲು ಕೂಗಿದರೂ, ಮನೆಗೆ ನೆಂಟರು ಬಂದರೂ, ಕಡೆಗಂಟು ಹಾಕದೆ ಮಗ್ಗದಿಂದ ಏಳುತ್ತಿರಲಿಲ್ಲ.

ಬೀದಿಯಲ್ಲಿ ಪವರ್‌ಲೂಮ್ ಶೆಡ್ಡುಗಳು ಎದ್ದವು. ಕೈಮಗ್ಗ ನಿಂತಿತು. ಕೆಲವು ವರ್ಷ ಶೆಡ್ಡಿನಲ್ಲಿ ದುಡಿದರು. ಆ ಸದ್ದನ್ನು ಸಹಿಸಿದರು. ಎಳೆ ಹರಿದರೂ ಮಗ್ಗ ಓಡುತ್ತಲೇ ಇರುತ್ತದಲ್ಲ, ಅದನ್ನು ಅವರಿಂದ ತಡೆಯಲಾಗಲಿಲ್ಲ. ಮಗಳ ಮದುವೆ ಮುಗಿಸಿ ಗಂಡ ಹೆಂಡತಿ ತಿರುಪ್ಪೂರಿಗೆ ಬಂದರು. ಮಗ್ಗ ಸೌದೆಗೆ ಹೋಯಿತು. ಲಾಳಿ ಒಂದನ್ನು ಮಯಿಲ್‌ಸಾಮಿ ಪಂಚೆಯಲ್ಲಿ ಸುತ್ತಿ ತಂದರು. ಬಾಡಿಗೆ ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು.

ಕಂಪನಿಯ ಮೊದಲಾಳಿ ಮುತ್ತುಸಾಮಿ. ಒಕ್ಕಲು ಮಕ್ಕಳು, ಅಪ್ಪನ ಕಾಲಕ್ಕೆ ವ್ಯಾಪಾರಕ್ಕೆ ಇಳಿದವರು. ಬನಿಯನ್ನು ಹೊರದೇಶಕ್ಕೆ ಕಳಿಸುವರು. ಮಯಿಲ್‌ಸಾಮಿಯನ್ನು ಬಂಡಲ್ ಹೊರಲು ಇಟ್ಟುಕೊಂಡರು. ಎಂಬತ್ತಾರರಲ್ಲಿ ಮೊದಲಾಳಿ ಕಂಪ್ಯೂಟರ್ ತಂದರು. ಮೊದಲು ಆಫೀಸಿಗೆ ಒಂದು, ಆಮೇಲೆ ಕಟಿಂಗ್ ಶೆಡ್ಡಿಗೆ ಒಂದು, ಕಟ್ಟಕಡೆಗೆ ಪ್ಯಾಕಿಂಗ್ ಶೆಡ್ಡಿಗೆ ಒಂದು. ಕೆಲಸದವರು ಪೆಟ್ಟಿಗೆ ಅನ್ನುವರು. ಪೆಟ್ಟಿಗೆಗೆ ಗಾಜಿನ ಕೋಣೆ, ತಣ್ಣನೆ ಗಾಳಿ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ದೇವರ ಕೋಣೆಯ ಹಾಗೆ. ಪ್ಯಾಕಿಂಗ್ ಶೆಡ್ಡಿನ ಪೆಟ್ಟಿಗೆ ನೋಡುವವಳು ಚಂದ್ರಾ, ಟೈಪಿಂಗ್ ಕಲಿತ ಹುಡುಗಿ.

ಯಾವ ದೇಶಕ್ಕೆ ಯಾವ ಬಣ್ಣ, ಯಾವ ಅಳತೆ, ಒಂದೊಂದು ಬನಿಯನ್ ಪೆಟ್ಟಿಗೆಗೆ ಎಷ್ಟು, ಎಲ್ಲಾ ಪಟ್ಟಿ ಆಫೀಸಿನ ಕಂಪ್ಯೂಟರಿನಲ್ಲಿ. ಅದನ್ನು ಕರಿ ಫ್ಲಾಪಿಗೆ ಹಾಕಿಕೊಡುವರು. ಫ್ಲಾಪಿ ಒಯ್ಯುವುದು ಮಯಿಲ್‌ಸಾಮಿ. ಆಫೀಸು ರಸ್ತೆ ಕಡೆ, ಪ್ಯಾಕಿಂಗ್ ಶೆಡ್ ಹಿತ್ತಿಲ ಕಡೆ, ನಡುವೆ ಎಂಟು ತೆಂಗಿನ ಮರ. ದಿನಕ್ಕೆ ಇಪ್ಪತ್ತು ಸಲ ಹೋಗಿ ಬರುವರು. ಬನಿಯನ್ ಕಂಪನಿಯಲ್ಲಿ ಗಾಳಿಯೆಲ್ಲ ಹತ್ತಿ ಧೂಳು. ಧೂಳು ಕೂತರೆ ಫ್ಲಾಪಿ ಕೆಡುತ್ತದೆ ಅಂತ ಕೇಳಿದ ದಿನವೇ ಅವರು ತನ್ನ ಬುತ್ತಿಯ ಡಬ್ಬಿ ತೊಳೆದು, ಬನಿಯನ್ ಬಟ್ಟೆ ಹಾಸಿ, ಅದರೊಳಗೆ ಇಟ್ಟು ಒಯ್ಯತೊಡಗಿದರು.

"ಅಣ್ಣಾ, ಅಪ್ಪಳ ಬಂತಾ?" ಅಂತ ಹೆಂಗಸರು ಕೇಳುವರು. "ಚೌಕದ ಅಪ್ಪಳ. ಕರಿದದ್ದು ಜಾಸ್ತಿ ಆಗಿ ಕರ್ರಗಾಗಿದೆ."

ಅವರು ಡಬ್ಬಿ ತೆಗೆದು ತೋರಿಸುವರು. "ಉಪ್ಪು ಸರಿಯಾಗಿದೆಯಾ ನೋಡಿ."

ಡಬ್ಬಿ ಅಪ್ಪಳಕ್ಕೆ ಹೋದ ಮೇಲೆ ಅವರ ಅನ್ನ ಬಾಳೆಎಲೆಯಲ್ಲಿ ಬಂತು. ಪೆರಿಯನಾಯಕಿ ಬೈದಳು. ಅವರು ಎಲೆಯಲ್ಲೇ ಉಂಡರು.

ಒಂದು ಸಲ ತೊಂದರೆ ಆಯಿತು. ಆಫೀಸಿನವರು ಮಧ್ಯಾಹ್ನ ಪಟ್ಟಿ ಬದಲಿಸಿದರು. ಪ್ಯಾಕಿಂಗ್ ಶೆಡ್ಡಿನಲ್ಲಿ ಇದ್ದದ್ದು ಬೆಳಗಿನ ಪಟ್ಟಿ. ನಲವತ್ತು ಪೆಟ್ಟಿಗೆ ತುಂಬಿ, ಅಂಟು ಹಾಕಿ, ಮೊಳೆ ಹೊಡೆದು ಆದಮೇಲೆ ಗೊತ್ತಾಯಿತು, ದೊಡ್ಡವರ ಪೆಟ್ಟಿಗೆಗೆ ಮಕ್ಕಳ ಬನಿಯನ್ ಹೋಗಿದೆ. ನಲವತ್ತೂ ಬಿಚ್ಚಿದರು. ಮೊದಲಾಳಿ ಕೊಯಮತ್ತೂರಿಗೆ ಫೋನ್ ಮಾಡಿದರು. ಇಂಜಿನಿಯರ್ ಕೃಷ್ಣಸಾಮಿ ಕರಿ ತಂತಿಯ ಸುರುಳಿ ಹೊತ್ತುಕೊಂಡು ಬಂದರು.

ಮೂರು ಕಂಪ್ಯೂಟರನ್ನೂ ಒಂದೇ ತಂತಿಗೆ ಕಟ್ಟುವುದು. ಪಟ್ಟಿ ಆಫೀಸಿನಲ್ಲಿ ಒಂದೇ ಇರುವುದು. ಉಳಿದ ಎರಡು ಅದನ್ನೇ ಅಲ್ಲಿಂದ ತೆಗೆದು ನೋಡುವುದು. ಫ್ಲಾಪಿ ಬೇಡ. ಒಯ್ಯುವವರೂ ಬೇಡ. ಅದು ಶೆಡ್ಡಿನಲ್ಲಿ ಎಲ್ಲರಿಗೂ ಮೊದಲ ದಿನವೇ ಅರ್ಥವಾಯಿತು.

ಮಯಿಲ್‌ಸಾಮಿ ಮನೆಯಲ್ಲಿ ಹೆಂಡತಿಗೆ ಹೇಳಿಕೊಟ್ಟರು. "ಮೂರು ಮಗ್ಗದಲ್ಲಿ ಒಂದೇ ಸೀರೆ ನೇಯಬೇಕು ಅಂದ್ಕೋ. ಮಾದರಿ ಸೀರೇನ ಒಬ್ಬೊಬ್ಬ ಒಂದೊಂದು ಸಲ ನೋಡಿಕೊಂಡು ಹೋಗಿ ನೇಯ್ದರೆ ಅಂಚು ಮೂರು ತರಹ ಆಗುತ್ತೆ. ಮಾದರೀನ ಎಲ್ಲರಿಗೂ ಕಾಣೋ ಹಾಗೆ ಒಂದೇ ಕಡೆ ನೇತುಹಾಕಿದ್ರೆ ಮೂರೂ ಒಂದೇ."

"ನೇತುಹಾಕಿದ ಮೇಲೆ ನಿಮಗೇನು ಕೆಲಸ?"

"ಬಂಡಲ್ ಇದೆಯಲ್ಲ."

"ಐವತ್ತೆರಡು ವರ್ಷಕ್ಕೆ ಬಂಡಲ್ ಹೊರ್ತೀರಾ?"

ಅವರು ಮಾರನೆಯ ದಿನ ಇಂಜಿನಿಯರಿಗೆ ಏಣಿ ಹಿಡಿದರು. ತಂತಿ ಎಳೆದರು. ಕರೆಂಟ್ ಹೊಡೆಯುತ್ತದೆ ಅಂತ ಹೆಂಗಸರು ಹೆದರಿ ದೂರ ನಿಂತಾಗ ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದರು. "ಇದರಲ್ಲಿ ಬರೀ ಮಾತು ಹೋಗೋದು, ಬನ್ನಿ."

ತಂತಿ ಹಾಕಿದ್ದಾಯಿತು. ಮಾತು ಹೋಗಲಿಲ್ಲ. ಇಂಜಿನಿಯರ್ ಎರಡು ದಿನ ಕಂಪ್ಯೂಟರ್ ಬಿಚ್ಚಿದರು, ಮುಚ್ಚಿದರು. ಮೂರನೆಯ ದಿನ ಮಯಿಲ್‌ಸಾಮಿ, ಸಾಮಿ ನಾನು ಒಂದು ಸಲ ನೋಡಲಾ ಅಂದು, ಆಫೀಸಿನಿಂದ ಕೈಯಾಡಿಸುತ್ತಾ ಬಂದರು. ಕಟಿಂಗ್ ಶೆಡ್ಡಿನ ಮೂಲೆಯಲ್ಲಿ ನಿಂತರು. ಕಣ್ಣು ಮುಚ್ಚಿದ್ದರು.

"ಇಲ್ಲಿ ಒಳಗೆ ಮುರಿದಿದೆ."

ಮೇಲೆ ಏನೂ ಕಾಣುತ್ತಿರಲಿಲ್ಲ. ಯಾರೋ ತಂತಿಯನ್ನು ಮೊಳೆಗೆ ಸುತ್ತಿ ಬಿಗಿದು ಆಮೇಲೆ ಬಿಟ್ಟಿದ್ದರು. ಇಂಜಿನಿಯರ್ ಅಲ್ಲಿ ಕತ್ತರಿಸಿ ನೋಡಿದರು. ಒಳಗಿನ ತಾಮ್ರದ ಎಳೆ ತುಂಡಾಗಿತ್ತು.

"ಯೋವ್, ಮೀಟರಿಗೇ ಸಿಗಲಿಲ್ಲ, ನಿಮ್ಮ ಕೈಗೆ ಹೆಂಗೆ ಸಿಕ್ತು?"

"ನೇಯೋ ಕೈ ಸಾಮಿ," ಅಂದರು.

ಮಧ್ಯಾಹ್ನ ತೆಂಗಿನ ಮರದ ಕೆಳಗೆ ಊಟಕ್ಕೆ ಕೂತಾಗ ಪೆರಿಯನಾಯಕಿ ಹಲ್ಲು ಕಡಿದು ಕೇಳಿದಳು. "ನಿಮ್ಮ ಕೆಲಸ ತಿನ್ನೋ ತಂತೀನ ನೀವೇ ಸರಿಮಾಡಿ ಕೊಡ್ತೀರಾ? ಸುಮ್ನೆ ಇದ್ದಿದ್ರೆ ಇನ್ನೊಂದು ತಿಂಗಳಾದ್ರೂ ಓಡ್ತಿತ್ತು."

"ಹರಿದ ಎಳೆ ಕೈಗೆ ಸಿಕ್ಕಿದ ಮೇಲೆ ಬಿಟ್ಟು ಹೆಂಗೆ ಬರಲಿ?"

ಅದೇ ಅವರು. ಅವಳಿಗೆ ಕೋಪ ಬಂತು.

ಹೋಗುವ ದಿನ ಇಂಜಿನಿಯರ್ ತಂತಿಯ ಎರಡು ಕೊನೆಗೂ ಒಂದೊಂದು ಸಣ್ಣ ಮುಚ್ಚಳ ಹಾಕಿದರು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಬೆಳ್ಳಿಯ ಹಾಗೆ ಹೊಳೆಯುವುದು. ಒಂದು ಆಫೀಸಿನ ಕೊನೆಗೆ, ಒಂದು ಪ್ಯಾಕಿಂಗ್ ಶೆಡ್ಡಿನ ಕೊನೆಗೆ. ಟರ್ಮಿನೇಟರ್ ಅಂದರು. ಮಾತು ತಂತಿಯ ತುದಿಗೆ ಬಂದರೆ ಅಲ್ಲಿ ಮುಗಿಯಬೇಕು, ಇದು ಇಲ್ಲದಿದ್ದರೆ ತುದಿಗೆ ಬಡಿದು ಹಿಂದಕ್ಕೆ ಬರುತ್ತದೆ, ಹಿಂದಿನಿಂದ ಬರುವ ಮಾತಿಗೆ ಸಿಕ್ಕಿ ಎಲ್ಲಾ ಕೆಡುತ್ತದೆ ಅಂದರು.

"ಗೊತ್ತು ಸಾಮಿ," ಅಂದರು ಮಯಿಲ್‌ಸಾಮಿ. "ಕಡೆಗಂಟು." ಅದನ್ನೇ ತಮಿಳಿನಲ್ಲಿ ಮುಡಿಚ್ಚು ಅಂತ ತಿಳಿಸಿ ಹೇಳಿದರು. ಇಂಜಿನಿಯರ್ ನಕ್ಕರು. ಆಮೇಲೆ ಅವರೂ ಫೋನಿನಲ್ಲಿ ಮುಡಿಚ್ಚು ನೋಡಿ ಅನ್ನುವರು.

ಮನೆಗೆ ಬಂದು ಆವತ್ತು ಮಯಿಲ್‌ಸಾಮಿ ಬಹಳ ಮಾತಾಡಿದರು. ಮಗ್ಗ ಹೋಯಿತು, ಕಡೆಗಂಟು ಎಲ್ಲೋ ಬಂದು ಸಿಕ್ಕಿತು ನೋಡು ಅಂದರು. ಹಾಗೆ ಅವರು ಮಾತಾಡಿ ವರ್ಷಗಳಾಗಿತ್ತು. ದಿನಾ ಶೆಡ್ಡಿಗೆ ಬಂದವರು ಆ ಮುಚ್ಚಳ ಮುಟ್ಟಿ ಹೋಗುವರು. ಯಾರೂ ಹೇಳಿರಲಿಲ್ಲ, ಅದು ಅವರ ಕೆಲಸವೂ ಅಲ್ಲ. ಅವರ ಕೆಲಸ ಈಗ ಬಂಡಲ್ ಹೊರುವುದು.

ಎಂಬತ್ತೆಂಟರ ಆಯುಧಪೂಜೆ ಬಂತು. ಹೊಲಿಗೆ ಮಿಶಿನ್, ಕತ್ತರಿ, ತಕ್ಕಡಿ, ಎಲ್ಲಾ ತೊಳೆದು ಒರೆಸಿ ಗಂಧ ಕುಂಕುಮ ಇಡುವ ದಿನ. ಹೆಂಗಸರು ಅವರವರ ಕತ್ತರಿ ತಂದು ತಟ್ಟೆಯಲ್ಲಿ ಇಟ್ಟರು. ಸೋಮನೂರಿನಲ್ಲಿ ಇದ್ದಾಗ ಪೆರಿಯನಾಯಕಿ ಆ ದಿನ ಗಂಡನ ಲಾಳಿ ತೊಳೆದು ಗಂಧ ಹಚ್ಚಿ ಇಡುವಳು. ತಿರುಪ್ಪೂರಿಗೆ ಬಂದ ಮೇಲೆ ಅವರದು ಅಂತ ಇಡಲು ಏನೂ ಇಲ್ಲ. ಬಂಡಲ್ ಹೊರುವವರಿಗೆ ಏನು ಆಯುಧ?

ಅವಳಿಗೆ ಕಡೆಗಂಟು ನೆನಪಾಯಿತು.

ಯಾರನ್ನೂ ಕೇಳಲಿಲ್ಲ. ಚಂದ್ರಾ ರಂಗೋಲಿ ಬಿಡಿಸಲು ಹೊರಗೆ ಹೋಗಿದ್ದಳು. ಪೆರಿಯನಾಯಕಿ ಮುಚ್ಚಳ ತಿರುಗಿಸಿ ತೆಗೆದಳು. ಸೀಗೆಪುಡಿ ಹಾಕಿ ತೊಳೆದಳು, ಒರೆಸಿದಳು, ಗಂಧ ಹಚ್ಚಿ ಕುಂಕುಮ ಇಟ್ಟು, ತಟ್ಟೆಯಲ್ಲಿ ನಿಂಬೆಹಣ್ಣಿನ ಪಕ್ಕ ಇಟ್ಟಳು. ಪೂಜೆ ಆದಮೇಲೆ ಹಾಕಿಬಿಡೋಣ ಅಂದುಕೊಂಡಳು. ಗಂಡ ನೋಡಿದರೆ ಖುಷಿಪಡುತ್ತಾರೆ ಅಂದುಕೊಂಡಳು. ಅದಿಲ್ಲದಿದ್ದರೆ ಮಾತೇ ಹೋಗುವುದಿಲ್ಲ ಅಂತ ಅವರು ಹತ್ತು ಸಲ ಹೇಳಿದ್ದರು. ಅವಳು ಅವರ ಮುಖ ನೋಡುತ್ತಿದ್ದಳು, ಮಾತು ಕಿವಿಗೆ ಹಾಕಿಕೊಂಡಿರಲಿಲ್ಲ.

ಆವತ್ತೇ ಮಧ್ಯಾಹ್ನ ಲಾರಿ ತೂತ್ತುಕ್ಕುಡಿ ಹಡಗಿಗೆ ಹೋಗಬೇಕು. ಮಂಗಳಾರತಿ ಆಗಿ, ಕಡಲೆ ಪುರಿ ಹಂಚಿ, ಕಂಪ್ಯೂಟರ್ ಹಾಕಿದರು. ಚಂದ್ರಾ ಕೋಣೆಯಿಂದ ಕೂಗಿದಳು.

"ಅಣ್ಣಾ, ಆಫೀಸೇ ಕಾಣಿಸ್ತಾ ಇಲ್ಲ! ಪಟ್ಟಿ ಬರಲ್ಲ!"

ಪಟ್ಟಿ ಇಲ್ಲದೆ ಲಾರಿ ಹೊರಡುವಂತಿಲ್ಲ. ಮೊದಲಾಳಿ ಬಂದರು. ಇಂಜಿನಿಯರಿಗೆ ಫೋನ್ ಹಾಕಿದರು, ಹಬ್ಬ, ಯಾರೂ ಎತ್ತಲಿಲ್ಲ. ಅವರ ಮುಖ ಕೆಂಪಾಯಿತು. ಇಡೀ ಶೆಡ್ಡಿಗೆ ಕೇಳುವ ಹಾಗೆ ಹೇಳಿದರು. "ಈ ತಂತಿ ಯಾರು ಮುಟ್ಟಿದ್ದಾರೋ ಅವರು ಇವತ್ತೇ ಹೊರಗೆ. ಯಾರೇ ಆಗಲಿ."

ಕನ್ನಿಯಮ್ಮಾಳ್ ಪುರಿ ಬಾಯಿಗೆ ಹಾಕಿಕೊಳ್ಳುತ್ತಾ ಅಂದಳು. "ತಂತಿ ಬಂದು ಯಾರ ತಲೆ ಮೇಲೆ ಬಂಡಲ್ ಕೂತಿತೋ ಅವರನ್ನ ಕೇಳಿ."

ಎಲ್ಲರೂ ಮಯಿಲ್‌ಸಾಮಿ ಕಡೆ ತಿರುಗಿದರು. ಅವರು ಆಫೀಸಿಗೆ ಹೋದರು. ಅಲ್ಲಿಂದ ಕೈಯಾಡಿಸುತ್ತಾ ಬಂದರು. ಹಿಂದೆ ಮೊದಲಾಳಿ. ಚಂದ್ರಾಳ ಪೆಟ್ಟಿಗೆಯ ಹಿಂದೆ ಬಗ್ಗಿದರು. ಕೊನೆ ಬೋಳಾಗಿತ್ತು. ತಲೆ ಎತ್ತಿ ಸುತ್ತ ನೋಡಿದರು. ಪೂಜೆಯ ತಟ್ಟೆಯಲ್ಲಿ ಕುಂಕುಮ ಇಟ್ಟುಕೊಂಡು ಕಡೆಗಂಟು ಕೂತಿತ್ತು.

ಆಗ ಪೆರಿಯನಾಯಕಿಗೆ ತಿಳಿಯಿತು. ಅಷ್ಟು ಜನರ ಮುಂದೆ, ಅವಳಿಗೆ ಗೊತ್ತಿಲ್ಲದೆಯೇ, ಮನೆಯ ಮಾತು, ಕನ್ನಡ, ಬಂದುಬಿಟ್ಟಿತು.

"ನಾನೇ ಮಾವ ತೆಗ್ದಿದ್ದು. ನಿಮ್ದು ಅಂತ ಪೂಜೆಗೆ ಇಟ್ಟೆ."

ಮಯಿಲ್‌ಸಾಮಿ ಅವಳನ್ನು ನೋಡಲಿಲ್ಲ. "ಸುಮ್ನಿರು ಪುಳ್ಳೆ. ಬಾಯಿ ಬಿಡಬೇಡ," ಅಂದರು, ಅದೇ ಮಾತಿನಲ್ಲಿ, ಮೆಲ್ಲಗೆ. ಆಮೇಲೆ ಮೊದಲಾಳಿಗೆ ತಮಿಳಿನಲ್ಲಿ ಹೇಳಿದರು. "ನಾನು ತೆಗೆದೆ ಮೊದಲಾಳಿ. ಪೂಜೆಗೆ ಇಡೋಣ ಅಂತ. ಮತ್ತೆ ಹಾಕೋದು ಮರೆತೆ."

"ಪೂಜೆಗಂತೆ!" ಅಂದರು ಯಾರೋ ಹಿಂದಿನಿಂದ.

ಅವಳ ಲೆಕ್ಕಕ್ಕೆ ಆ ಶೆಡ್ಡಿನಲ್ಲಿ ಕನ್ನಡ ತಿಳಿದವರು ಇವರಿಬ್ಬರೇ. ಅವಳು ಎಲ್ಲರ ಮುಂದೆ ಒಪ್ಪಿಕೊಂಡಿದ್ದಳು, ಹೆಂಗಸರಿಗೆ ಅರ್ಥವಾಗಿರಲಿಲ್ಲ. ಮತ್ತೆ ತಮಿಳಿನಲ್ಲಿ ಹೇಳಲು ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಮೊದಲಾಳಿ ಅವರನ್ನು ನೋಡಿದರು, ಅವಳನ್ನು ನೋಡಿದರು. ಬಹಳ ಹೊತ್ತು.

"ಹಾಕು," ಅಂದರು. "ಲಾರಿ ನಿಂತಿದೆ."

ಮಯಿಲ್‌ಸಾಮಿ ಪಂಚೆಯ ತುದಿಯಿಂದ ಗಂಧ ಒರೆಸಿ, ಊದಿ, ಸೂಜಿಯಿಂದ ಒಳಗಿನ ಕುಂಕುಮ ತೆಗೆದು, ಮತ್ತೆ ಊದಿ, ಹಾಕಿ ತಿರುಗಿಸಿದರು. "ಬಂತು!" ಅಂತ ಚಂದ್ರಾ ಕೂಗಿದಳು. ಲಾರಿ ಹೊರಟಿತು.

ಅವರನ್ನು ಹೊರಗೆ ಹಾಕಲಿಲ್ಲ. ನಾಳೆಯಿಂದ ದಿನಾ ಬೆಳಿಗ್ಗೆ ಮೊದಲು ತಂತಿ ನೋಡಿ ಆಮೇಲೆ ಬೇರೆ ಕೆಲಸ ಅಂತ ಹೇಳಿ ಮೊದಲಾಳಿ ಹೋದರು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಕಿತ್ತವನಿಗೇ ಕಾವಲು ಕೊಟ್ಟರಲ್ಲ ಅಂತ ಶೆಡ್ಡಿನಲ್ಲಿ ನಗೆ ಆಯಿತು. ಮುಡಿಚ್ಚು ಕಿತ್ತ ಮಯಿಲ್‌ಸಾಮಿ ಅಂತ ಹೆಸರಾಯಿತು. ದಿನಕ್ಕೆ ಇಪ್ಪತ್ತು ಸಲ ಅಪ್ಪಳ ಒಯ್ದದ್ದು, ಮುರಿದ ತಂತಿ ಹುಡುಕಿಕೊಟ್ಟದ್ದು ಯಾರ ಬಾಯಲ್ಲೂ ಇಲ್ಲ. ಮನೆಯಲ್ಲಿ ಅವಳು ಅತ್ತಳು.

"ನಿನ್ನನ್ನ ಹೊರಗೆ ಹಾಕ್ತಿದ್ರು ಪುಳ್ಳೆ," ಅಂದರು. "ನಂಗೆ ಏನಾಯ್ತು ಈಗ? ದಿನಾ ತಂತಿ ನೋಡೋ ಕೆಲಸ ಸಿಕ್ತು. ಬಂಡಲ್ ಕಮ್ಮಿ ಆಯ್ತು."

"ಹೆಸರು?"

"ಅನ್ನಲಿ ಬಿಡು." ಆಮೇಲೆ ಕೇಳಿದರು. "ಗಂಧ ಹಚ್ಚಿದ್ಯಾ, ಲಾಳಿಗೆ ಹಚ್ಚೋ ಹಾಗೇನೇ?"

"ಹೂಂ."

ಅವರು ಗೋಡೆ ಕಡೆ ತಿರುಗಿಕೊಂಡರು. ನಗುತ್ತಿದ್ದರೋ ಏನೋ, ಅವಳಿಗೆ ಕಾಣಲಿಲ್ಲ.

ಮೂರು ತಿಂಗಳು ಹೋಯಿತು. ಪೊಂಗಲಿಗೆ ಎಂಟು ದಿನ ಇದ್ದ ಆ ಶುಕ್ರವಾರ ಬಂತು, ಹೋಯಿತು.

ಶನಿವಾರ ಬೆಳಿಗ್ಗೆ ಮಯಿಲ್‌ಸಾಮಿ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ನಲ್ಲಿಯ ಹತ್ತಿರ ಕೂತರು. ಅವಳು ಒಳಗೆ ಎಲೆಗೆ ಅನ್ನ ಕಟ್ಟುತ್ತಿದ್ದಳು. ಕೊಡ ಉರುಳಿದ ಸದ್ದು ಬಂತು. ಹೋಗಿ ನೋಡಿದಳು. ಎದೆಯ ಮೇಲೆ ಕೈ ಇತ್ತು. ಆಟೋದಲ್ಲಿ ಹಾಕಿಕೊಂಡು ಹೋದರು. ಜೀವ ದಾರಿಯಲ್ಲೇ ಹೋಗಿದೆ ಅಂದರು ಡಾಕ್ಟರ್. ಕಟ್ಟಿದ ಎಲೆ ಸಂಜೆಯವರೆಗೂ ಅಡುಗೆಮನೆಯಲ್ಲಿ ಹಾಗೇ ಇತ್ತು.

ಹದಿನಾರನೆಯ ದಿನದ ಕಾರ್ಯ ಮುಗಿಯಿತು. ಅಮ್ಮಣಿ ಪಲ್ಲಡಂಗೆ ಬಂದುಬಿಡವ್ವಾ ಅಂದಳು.

"ಒಂದು ಕೆಲಸ ಇದೆ," ಅಂದಳು ಪೆರಿಯನಾಯಕಿ. ಮರುದಿನ ಕಂಪನಿಗೆ ನಡೆದುಕೊಂಡು ಹೋದಳು. ಸೈಕಲ್ ತುಳಿಯಲು ಅವಳಿಗೆ ಬರುವುದಿಲ್ಲ. ಮೊದಲಾಳಿಯ ಕೋಣೆಯ ಮುಂದೆ ಚಪ್ಪಲಿ ಬಿಟ್ಟಳು.

"ಬಾಮ್ಮ. ಕೂತ್ಕೋ. ಏನು ಬೇಕು ಕೇಳು."

ಅವಳು ಕೂರಲಿಲ್ಲ. ದಾರಿಯುದ್ದಕ್ಕೂ ತಮಿಳಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದನ್ನು ಹೇಳಿದಳು. "ಆಯುಧಪೂಜೆ ದಿನ ಮುಡಿಚ್ಚು ತೆಗೆದದ್ದು ನಾನು. ಅವರಲ್ಲ. ನನ್ನನ್ನ ಈಗ ಹೊರಗೆ ಹಾಕಿ."

ಮೊದಲಾಳಿ ಬೆಚ್ಚಲಿಲ್ಲ. ಮೇಜಿನ ಮೇಲಿನ ಪೆನ್ನು ತೆಗೆದರು, ಇಟ್ಟರು. ಆಮೇಲೆ ಮಾತಾಡಿದರು. ಅದು ತಮಿಳಲ್ಲ.

"ನಂಗೆ ಅವತ್ತೇ ತಿಳೀತಮ್ಮ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಎಷ್ಟೋ ವರ್ಷ ತೆಗೆಯದ ಬೀಗದ ಹಾಗೆ ಮಾತು ತೊಡರಿ ತೊಡರಿ ಬಂತು, ಆದರೆ ಕನ್ನಡವೇ. ಅವರ ಅಜ್ಜಿ ರಾಮಾತಾಳ್ ಹೊಲದಲ್ಲಿ, ಮನೆಯಲ್ಲಿ ಇದನ್ನೇ ಆಡುತ್ತಿದ್ದರಂತೆ. ಅಪ್ಪ ಊರು ಬಿಟ್ಟು ವ್ಯಾಪಾರಕ್ಕೆ ಬಂದ ಮೇಲೆ ನಿಂತಿತಂತೆ.

"ನೀನು ಹೇಳಿದ್ದು ಕೇಳ್ತು. ಅವನು ಸುಮ್ನಿರು ಪುಳ್ಳೆ ಅಂದದ್ದೂ ಕೇಳ್ತು. ಮುಟ್ಟಿದವರು ಹೊರಗೆ ಅಂತ ಎಲ್ಲರ ಮುಂದೆ ಬಾಯಿ ಬಿಟ್ಟಿದ್ದೆ. ನಿಜ ಗೊತ್ತು ಅಂದ್ರೆ ನಿನ್ನ ಕಳಿಸಬೇಕಿತ್ತು. ಅವನು ಮರೆತೆ ಅಂದ. ನಂಬಿದ ಹಾಗೆ ಇದ್ದೆ. ಅಂಥ ಕೈ ನಂಗೆ ಇನ್ನೆಲ್ಲಿ ಸಿಗುತ್ತೆ?"

ಒಳ್ಳೆಯದೇ ಮಾಡಿದ್ದರು. ಅವಳಿಗೆ ಅದು ಗೊತ್ತಾಯಿತು. ಆದರೂ ಸುಮ್ಮನೆ ಬರಲು ಆಗಲಿಲ್ಲ.

"ಮೂರು ತಿಂಗಳು ದಿನಾ ಬೆಳಿಗ್ಗೆ ಅವರನ್ನ ಕಿತ್ತೋನು ಅಂದ್ರು. ನೀವು ಈ ಕಡೆ ಆ ಕಡೆ ಓಡಾಡ್ತಿದ್ರಿ. ನಿಮ್ಮ ಕಿವಿಗೂ ಬಿತ್ತು. ಒಂದು ಮಾತು ಸಾಕಿತ್ತು ಮೊದಲಾಳಿ."

ಅವರು ಮತ್ತೆ ಪೆನ್ನು ಎತ್ತಿಕೊಂಡರು.

"ಹಾಗೇ ಹೋದ್ರು," ಅಂದಳು. "ಆ ಹೆಸರು ಹೊತ್ಕೊಂಡೇ ಹೋದ್ರು."

"ಈಗ ಏನು ಮಾಡ್ಲಿ ಹೇಳು."

"ಶೆಡ್ಡಿಗೆ ಬಂದು ಹೇಳಿ. ನಾನು ಹೇಳಿದ್ರೆ ಗಂಡನ್ನ ಕಳ್ಕೊಂಡೋಳು ಏನೋ ಹೇಳ್ತಾಳೆ ಅಂತಾರೆ. ನೀವು ಹೇಳಿ."

ಮೊದಲಾಳಿ ಎದ್ದರು. ಹೊರಗೆ ಅವಳ ಚಪ್ಪಲಿಯನ್ನು ದಾಟಿಕೊಂಡು, ತೆಂಗಿನ ಮರದ ಕೆಳಗೆ ನಡೆದು ಶೆಡ್ಡಿಗೆ ಹೋದರು. ಮಿಶಿನ್ ನಿಲ್ಲಿಸಿ ಅಂದರು. ಸದ್ದು ನಿಂತಿತು. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಪೂಜೆಗೆ ಇಟ್ಟವಳು ಇವಳು, ತನ್ನ ಮೇಲೆ ಹಾಕಿಕೊಂಡವರು ಅವರು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ನಾನು. ತಂತಿಯನ್ನು ಸರಿಮಾಡಿದ್ದು ಬಿಟ್ಟು ಬೇರೇನೂ ಆ ಮನುಷ್ಯ ಮಾಡಲಿಲ್ಲ. ಪೆರಿಯನಾಯಕಿ ಹೊರಗೆ ಹೋಗಬೇಕಾಗಿಲ್ಲ, ಅವತ್ತು ನಾನು ಆ ಮಾತು ಆಡಬಾರದಿತ್ತು. ಇಷ್ಟು ಹೇಳಿ ಹೋದರು.

ಕನ್ನಿಯಮ್ಮಾಳ್ ಎದ್ದು ಬಂದಳು. ಕಣ್ಣು ಒದ್ದೆ. "ಅಕ್ಕಾ, ನಾನು ತಮಾಷೆಗೆ ಅಂದೆ ಅಕ್ಕಾ."

"ಗೊತ್ತು. ಜರುಗು, ನನ್ನ ಜಾಗ."

ಕೂತು ಹತ್ತು ಬನಿಯನ್ ಮಡಿಸಿರಲಿಲ್ಲ, ಚಂದ್ರಾ ಬಂದು ನಿಂತಳು. "ಅಕ್ಕಾ, ನಾಲ್ಕು ದಿನದಿಂದ ಪಟ್ಟಿ ಬರುತ್ತೆ, ಹೋಗುತ್ತೆ. ಇಂಜಿನಿಯರ್ ಸೋಮವಾರ ಬರ್ತೀನಿ ಅಂದಿದಾರೆ. ಅಣ್ಣ ಏನು ಮಾಡ್ತಿದ್ರು ಅಂತ ನಿಮಗೇನಾದ್ರೂ ಗೊತ್ತಾ?"

ಅವಳಿಗೆ ಏನು ಗೊತ್ತು? ಅವರು ಹೋಗುವುದನ್ನು ದಿನಾ ನೋಡಿದ್ದಳು. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಬಗ್ಗುತ್ತಾರೆ, ಎಲ್ಲಿ ಹಿಂಡಿ ನೋಡುತ್ತಾರೆ. ಎದ್ದಳು. ಆಫೀಸಿಗೆ ಹೋಗಿ ಅಲ್ಲಿಂದ ತಂತಿಯ ಮೇಲೆ ಕೈಯಿಟ್ಟಳು. ಮೊದಲ ಸಲ ಏನೂ ತಿಳಿಯಲಿಲ್ಲ. ಹಿಂದಕ್ಕೆ ಹೋಗಿ ಕಣ್ಣು ಮುಚ್ಚಿಕೊಂಡು ಮತ್ತೆ ಬಂದಳು. ಕಟಿಂಗ್ ಶೆಡ್ಡಿನ ಜೋಡಣೆ ಬೆರಳಿಗೆ ಸಡಿಲ ಸಿಕ್ಕಿತು, ಒಳಗೆ ಹತ್ತಿ ಧೂಳು ಮೆತ್ತಿತ್ತು. ಬಿಚ್ಚಿ, ಊದಿ, ಸೆರಗಿನ ತುದಿಯಿಂದ ಒರೆಸಿ ಹಾಕಿ ತಿರುಗಿಸಿದಳು.

ಅಮ್ಮಣಿ ಮತ್ತೆ ಎರಡು ಸಲ ಕರೆದಳು. ಪೆರಿಯನಾಯಕಿ ಹೋಗಲಿಲ್ಲ. ಭಾನುವಾರ ಬಸ್ಸಿನಲ್ಲಿ ಹೋಗಿ ಮೊಮ್ಮಗುವನ್ನು ನೋಡಿ ಬರುತ್ತಾಳೆ.

ಈ ವರ್ಷದ ಆಯುಧಪೂಜೆಯೂ ಆಯಿತು. ಕಡೆಗಂಟನ್ನು ಬಿಚ್ಚಲಿಲ್ಲ. ಇದ್ದ ಕಡೆಯೇ, ಮೇಲುಗಡೆ, ಒಂದು ಸಾಸಿವೆ ಕಾಳಿನಷ್ಟು ಗಂಧ.

ದಿನಾ ಬೆಳಿಗ್ಗೆ ಮಿಶಿನ್ ಹಾಕುವ ಮುಂಚೆ ಬರುತ್ತಾಳೆ. ಚಪ್ಪಲಿ ಬಿಡುತ್ತಾಳೆ. ಆಫೀಸಿನ ಕಡೆಗಂಟು ಮೊದಲು. ಆಮೇಲೆ ಗೋಡೆ, ಕಟಿಂಗ್ ಶೆಡ್ಡಿನ ಮೂಲೆ, ಅಲ್ಲಿ ಸ್ವಲ್ಪ ನಿಲ್ಲುತ್ತಾಳೆ. ಆಮೇಲೆ ಪ್ಯಾಕಿಂಗ್ ಶೆಡ್. ಅವರ ಬುತ್ತಿ ಡಬ್ಬಿಯಲ್ಲಿ ಹಾಸಿದ್ದ ಬನಿಯನ್ ಬಟ್ಟೆ ಅವಳ ಸೊಂಟದಲ್ಲಿ ಇರುತ್ತದೆ. ಅದರಿಂದ ಕೊನೆಯ ಮುಚ್ಚಳದ ಧೂಳು ಒರೆಸಿ, ಎರಡು ಬೆರಳಲ್ಲಿ ಹಿಡಿದು, ಒತ್ತಿ, ಕಾಲು ಸುತ್ತು ತಿರುಗಿಸಿ, ಕೈ ತೆಗೆಯದೆ ಅಲ್ಲೇ ಇರುತ್ತಾಳೆ, ಚಂದ್ರಾ ಪಟ್ಟಿ ಬಂತು ಅಕ್ಕಾ ಅನ್ನುವವರೆಗೂ.